ಬಾರದವರ ಲೆಕ್ಕ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಅದರ ನಟ್ಟನಡುವೆ ನಮ್ಮ ಚಿತ್ರದುರ್ಗ. ಊರ ಹೊರಗೆ 48ನೇ ರಾಷ್ಟ್ರೀಯ ಹೆದ್ದಾರಿಗೆ ಹೊಸಪೇಟೆ, ಕೂಡ್ಲಿಗಿ ಕಡೆಯಿಂದ ಬರುವ 50ನೇ ಹೆದ್ದಾರಿ ಕೂಡುತ್ತದೆ. ಹೊಳಲ್ಕೆರೆಯ ಮೇಲಿಂದ ಶಿವಮೊಗ್ಗದ ರಸ್ತೆ, ಚಳ್ಳಕೆರೆಯ ಮೇಲಿಂದ ಬಳ್ಳಾರಿಯ ರಸ್ತೆ ಇಲ್ಲಿಗೇ ಬಂದು ಮುಟ್ಟುತ್ತವೆ. ಬೆಂಗಳೂರಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟ ಸಾಧಾರಣ ಎಲೆಕ್ಟ್ರಿಕ್ ಕಾರು ಎ.ಸಿ. ಹಾಕಿಕೊಂಡು ಹೆದ್ದಾರಿಯ ವೇಗದಲ್ಲಿ ಓಡಿದರೆ ಅದಕ್ಕೆ ಮತ್ತೆ ಕರೆಂಟು ಬೇಕಾಗುವುದು ಈ ಆಸುಪಾಸಿನಲ್ಲೇ. ಫಾಸ್ಟ್ ಚಾರ್ಜರ್ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಯಾವ ಬದಿಗೆ, ಯಾವ ರಸ್ತೆಗೆ ಹಾಕಬೇಕು ಎಂಬಲ್ಲಿ ನನ್ನ ತಕರಾರಿದೆ. ಮೇಲುನೋಟಕ್ಕೆ ಅದು ಎಂಜಿನಿಯರ್ ಒಬ್ಬನ ತಕರಾರು. ಅದರ ಬೇರು ಇರುವುದು ಮಾತ್ರ ಧರ್ಮದ ಪ್ರಶ್ನೆಯಲ್ಲಿ ಎಂದು ನಂಬಿದ್ದೇನೆ.

ನನ್ನ ಉದ್ಯೋಗದ ಆಯುಷ್ಯವೆಲ್ಲ ಕಂಬ, ಲೈನು, ಟ್ರಾನ್ಸ್‌ಫಾರ್ಮರುಗಳ ನಡುವೆಯೇ ಕಳೆದದ್ದು. ನಿವೃತ್ತನಾದ ಮೇಲೂ ಸಲಹೆ ಕೇಳಿಕೊಂಡು ಮನೆಗೆ ಬರುವವರಿದ್ದಾರೆ. ಈಚೆಗೆ ಬಂಡವಾಳ ಹೂಡಲು ಹೊರಟ ಇಬ್ಬರು ಯುವಕರು ಒಂದು ನಕ್ಷೆ ತಂದಿದ್ದರು. ಅಚ್ಚುಕಟ್ಟಾದ ಕೆಲಸ. ಯಾವ ರಸ್ತೆಯಲ್ಲಿ ಎಷ್ಟು ವಿದ್ಯುತ್ ವಾಹನ ಓಡಾಡುತ್ತವೆ, 11 ಕೆ.ವಿ. ಲೈನು ಎಷ್ಟು ದೂರ, ಸರ್ವಿಸ್ ರಸ್ತೆ ಎಲ್ಲಿ ತೆರೆಯುತ್ತದೆ, ಎಲ್ಲ ಗುರುತು ಮಾಡಿದ್ದರು. ಕೂಡುರಸ್ತೆಯ ಬಾಯಿಗೇ ಕಟ್ಟದೆ ಸ್ವಲ್ಪ ಹಿಂದೆ ಸರಿದು ಜಾಗ ನೋಡಿದ್ದರು. ಕಾದು ನಿಂತ ಕಾರುಗಳ ಸಾಲು ಹೆದ್ದಾರಿಗೆ ಚಾಚಿದರೆ ಜೀವ ಹೋಗುತ್ತದೆ ಎಂಬ ಎಚ್ಚರ ಅವರಿಗಿತ್ತು. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಒಂದು ಬದಿಯ ಚಾರ್ಜರ್ ಎದುರು ಬದಿಯವನಿಗೆ ಇದ್ದೂ ಇಲ್ಲದಂತೆ. ಅದನ್ನೂ ಯೋಚಿಸಿ ಎರಡು ಬದಿಗೂ ಇಟ್ಟಿದ್ದರು. ಆದರೆ ಎಲ್ಲವೂ 48ರ ಮೇಲೆ. ಹೊಸಪೇಟೆ ರಸ್ತೆಯಿಂದ ಬಂದು ಶಿವಮೊಗ್ಗದ ಕಡೆಗೆ ನೇರ ದಾಟುವವನು ಆ ಜಾಗ ಮುಟ್ಟಬೇಕಾದರೆ ಹೆದ್ದಾರಿ ಹತ್ತಿ, ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ, ತಿರುಗಿ ಬರಬೇಕು. ಅದನ್ನು ತೋರಿಸಿದೆ. "ಆ ಕಡೆಯಿಂದ ಇ.ವಿ.ಗಳೇ ಬರಲ್ಲ ಸಾರ್, ಎಣಿಸಿ ನೋಡಿದೀವಿ" ಎಂದರು.

ಅವರು ಎಣಿಸಿದ್ದು ನಿಜ. ಸೊನ್ನೆಗೆ ತೀರ ಹತ್ತಿರದ ಅಂಕಿ ಬಂದದ್ದೂ ನಿಜ. ಆ ಸೊನ್ನೆಯಿಂದ ಏನು ತಿಳಿದಂತಾಯಿತು ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿದೆ.

ಈಗೀಗ ಬೆಳಗಿನ ಹೊತ್ತು ಸಂಸ್ಕೃತ ಮೇಷ್ಟರೊಬ್ಬರ ಬಳಿ ಕೂತು ತರ್ಕ, ಮೀಮಾಂಸೆ ಓದುತ್ತಿದ್ದೇನೆ. ಇಲ್ಲದ್ದನ್ನು ಇಲ್ಲ ಎಂದು ನಾವು ಹೇಗೆ ತಿಳಿಯುತ್ತೇವೆ? ಈ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಹಟ ಹಿಡಿದು ಕೇಳಿದರು. ಏಳನೇ ಶತಮಾನದ ಕುಮಾರಿಲ ಭಟ್ಟ ಇದಕ್ಕೆಂದೇ ಒಂದು ಪ್ರತ್ಯೇಕ ಪ್ರಮಾಣವನ್ನು, ಅಂದರೆ ಅರಿವಿನ ಸಾಧನವನ್ನು, ಒಪ್ಪಿದ. ಅನುಪಲಬ್ಧಿ ಎಂದು ಅದರ ಹೆಸರು. ನೆಲದ ಮೇಲೆ ಮಡಕೆ ಇಲ್ಲ ಎಂಬ ಅರಿವು ನನಗಾಗುವುದು ಮಡಕೆ ಕಾಣದಿರುವುದರಿಂದಲೇ ಎಂದು ಅವನ ವಾದ. ನೈಯಾಯಿಕರು ಒಪ್ಪಲಿಲ್ಲ, ಅಭಾವವನ್ನೂ ತಿಳಿಸುವುದು ಪ್ರತ್ಯಕ್ಷವೇ, ಬೇರೆ ಪ್ರಮಾಣ ಬೇಡ ಎಂದರು. ಬೌದ್ಧ ಧರ್ಮಕೀರ್ತಿ ಅದನ್ನು ಅನುಮಾನದೊಳಗೆ, ಅಂದರೆ ತರ್ಕದಿಂದ ಊಹಿಸಿ ತಿಳಿಯುವುದರೊಳಗೆ, ಸೇರಿಸಿದ. ಶತಮಾನಗಟ್ಟಲೆ ನಡೆದ ಜಗಳ ಇದು. ಅಚ್ಚರಿಯೆಂದರೆ ಇಷ್ಟು ಜಗಳವಾಡಿದವರು ಒಂದು ಷರತ್ತಿನಲ್ಲಿ ಮಾತ್ರ ಒಂದಾಗುತ್ತಾರೆ. ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿ ಇರಬೇಕು. ಹಗಲಿನ ಬೆಳಕಲ್ಲಿ, ತೆರೆದ ಕಣ್ಣಿಗೆ, ಬರಿನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಇದೆಯೆಂದೂ ಹೇಳುವಂತಿಲ್ಲ, ಇಲ್ಲವೆಂದೂ ಹೇಳುವಂತಿಲ್ಲ.

ಚಾರ್ಜರ್ ಇಲ್ಲದ ರಸ್ತೆ ಆ ಕತ್ತಲೆಯ ಕೋಣೆ. ಹೊಸಪೇಟೆಯಿಂದ ಇಲ್ಲಿಗೆ 130 ಕಿಲೋಮೀಟರಿಗೂ ಹೆಚ್ಚು. ಹಂಪಿಗೆ ಬಂದವರನ್ನು ಕರೆದೊಯ್ಯುವ ಟ್ಯಾಕ್ಸಿಯವನೊಬ್ಬ ಹೊಸ ಗಾಡಿ ಕೊಳ್ಳುವಾಗ ಈ ದೂರವನ್ನು ಲೆಕ್ಕ ಹಾಕುತ್ತಾನೆ. ದಾರಿಯಲ್ಲಿ ನಿಂತುಹೋದರೆ ಒಂದು ದಿನದ ದುಡಿಮೆ ಹೋಯಿತು. ಆ ಭಯಕ್ಕೆ ಅವನು ಡೀಸೆಲ್ ಗಾಡಿಯನ್ನೇ ತರುತ್ತಾನೆ. ಕೂಡ್ಲಿಗಿಯಲ್ಲಿ ಕ್ಲಿನಿಕ್ ಇಟ್ಟಿರುವವರು, ತರಕಾರಿ ಸಾಗಿಸುವ ಚಿಕ್ಕ ಗಾಡಿಯವರು, ಎಲ್ಲರ ಲೆಕ್ಕವೂ ಇದೇ. ನಮ್ಮ ಯುವಕರು ರಸ್ತೆ ಬದಿಯಲ್ಲಿ ನಿಂತು ಎಣಿಸುವಾಗ ಇವರೆಲ್ಲ ಡೀಸೆಲ್ ಗಾಡಿಗಳಾಗಿ ಅವರ ಮುಂದೆಯೇ ಹಾದು ಹೋಗಿದ್ದಾರೆ. ಎಣಿಕೆಯಲ್ಲಿ ಅವರು ಇಲ್ಲ. ಎಣಿಕೆಯಲ್ಲಿ ಇಲ್ಲದ್ದರಿಂದ ಅವರಿಗೆ ಚಾರ್ಜರ್ ಇಲ್ಲ, ಚಾರ್ಜರ್ ಇಲ್ಲದ್ದರಿಂದ ಮುಂದಿನ ವರ್ಷದ ಎಣಿಕೆಯಲ್ಲೂ ಅವರು ಇರುವುದಿಲ್ಲ. ಅರಿವಿನ ಒಂದು ದೋಷ ಹೀಗೆ ಅನ್ಯಾಯವಾಗಿ ಗಟ್ಟಿಯಾಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಬೇಕಾಗುವುದಿಲ್ಲ ಎಂಬುದೇ ನನಗೆ ಹೆಚ್ಚು ಸಂಕಟದ ಸಂಗತಿ.

ಇದಕ್ಕೆ ಇನ್ನೊಂದು ದಾರಿಯಿದೆ, ಅದು ತೀರ ಹಳೆಯದು. ಅಶೋಕ ತಾನು ರಸ್ತೆಗಳ ಬದಿಗೆ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ಮನುಷ್ಯರಿಗೂ ಪಶುಗಳಿಗೂ ನೀರಿನ ತಾಣ ಮಾಡಿಸಿದ್ದನ್ನು ಏಳನೇ ಸ್ತಂಭಶಾಸನದಲ್ಲಿ ಹೇಳಿಸಿದ್ದಾನೆ. ಈಗ ದೆಹಲಿಯಲ್ಲಿರುವ, ಫಿರೋಜ್ ಷಾ ತುಘಲಕ್ ತೋಪ್ರಾದಿಂದ ತರಿಸಿದ ಕಂಬದ ಮೇಲಿದೆ ಅದು. ಬಾವಿಗಳ ನಡುವಣ ಅಂತರ ಅರ್ಧ ಕ್ರೋಶವೋ ಎಂಟು ಕ್ರೋಶವೋ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯ. ಯಾವುದೇ ಇರಲಿ, ಅದು ಅಂತರ. ಎಷ್ಟು ಜನ ಬಾಯಾರಿ ಬಂದರು ಎಂಬ ಎಣಿಕೆಯಿಂದ ಹೊರಟ ಲೆಕ್ಕವಲ್ಲ. ನಡೆಯುವವನ ಕಾಲಿಗೆ, ಎತ್ತಿನ ದಣಿವಿಗೆ ಇಷ್ಟು ದೂರಕ್ಕೆ ನೀರು ಬೇಕು ಎಂಬಲ್ಲಿಂದ ಹೊರಟ ಲೆಕ್ಕ. ಇದೇ ದೊರೆಯ ಕಿರು ಬಂಡೆಶಾಸನಗಳು ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬಾವಿಯ ಮಾತು ನಮ್ಮ ಬಂಡೆಗಳ ಮೇಲಿಲ್ಲ. ತಂದೆತಾಯಿಯ ಮಾತು ಕೇಳುವುದು, ಪ್ರಾಣಿದಯೆ, ಸತ್ಯ ಇವುಗಳ ಮಾತಿದೆ.

ಕರ್ನಾಟಕದ ಶಾಸನಗಳಲ್ಲಿಯೂ ಕೆರೆ, ಬಾವಿ, ಛತ್ರ, ಅರವಟ್ಟಿಗೆಗಳಿಗೆ ಬಿಟ್ಟ ದತ್ತಿಗಳು ಹೇರಳ. ಅರವಟ್ಟಿಗೆ ಇಟ್ಟವನಿಗೆ ಅಲ್ಲಿ ನೀರು ಕುಡಿದವರ ಹೆಸರು ಗೊತ್ತಿರಲಿಲ್ಲ. ಮುಖ ಕಾಣದವನಿಗಾಗಿ ಮಾಡುವುದೇ ಆ ಪುಣ್ಯದ ತಿರುಳು ಎಂದು ನಾನು ತಿಳಿದಿದ್ದೇನೆ. ಚಾರ್ಜರಿನಲ್ಲಿ ಹಣ ಕೊಡಬೇಕಲ್ಲ, ಇದು ವ್ಯಾಪಾರವಲ್ಲವೇ ಎಂದು ಮೇಷ್ಟರು ಕೇಳಿದರು. ಹಣ ತೆಗೆದುಕೊಂಡದ್ದರಿಂದ ಧರ್ಮ ಕೆಡುವುದಿಲ್ಲ. ಅರ್ಥಶಾಸ್ತ್ರದಲ್ಲಿ ದೋಣಿಗೆ ಸುಂಕವಿದೆ. ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರಿಗೆ ವಿನಾಯಿತಿಯೂ ಇದೆ. ದೋಣಿ ಯಾವ ಕಡವಿನಲ್ಲಿ ನಿಲ್ಲಬೇಕು ಎಂಬುದನ್ನು ಸುಂಕದ ಗಂಟು ಒಂದೇ ತೀರ್ಮಾನಿಸಿದರೆ ಮಾತ್ರ ಕೇಡು.

ಕೇಂದ್ರ ಇಂಧನ ಸಚಿವಾಲಯ 2018ರ ಕೊನೆಗೆ ಹೊರಡಿಸಿದ ಮಾರ್ಗಸೂಚಿಯನ್ನು ಈ ದೃಷ್ಟಿಯಿಂದ ಓದಿದರೆ ಸಂತೋಷವಾಗುತ್ತದೆ. ನಗರದಲ್ಲಿ 3 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲದ ಪ್ರತಿ ಚೌಕಕ್ಕೆ ಕನಿಷ್ಠ ಒಂದು ಕೇಂದ್ರ, ಹೆದ್ದಾರಿಯ ಎರಡೂ ಬದಿಗೆ 25 ಕಿಲೋಮೀಟರಿಗೊಂದು, ದೂರ ಓಡುವ ಹಾಗೂ ಭಾರಿ ವಾಹನಗಳಿಗೆ 100 ಕಿಲೋಮೀಟರಿಗೊಂದು ಎಂದು ಅದರಲ್ಲಿತ್ತು. ಇದೂ ಅಂತರದ ಲೆಕ್ಕವೇ. ಬರೆದವರು ಅಶೋಕನನ್ನು ನೆನೆದಿರಲಿಕ್ಕಿಲ್ಲ, ಆದರೆ ಅದೇ ವಿವೇಕ. ಹಣ ಹೂಡುವವರ ಕೈಗೆ ಬರುವಾಗ ಅಂತರದ ಲೆಕ್ಕ ಸದ್ದಿಲ್ಲದೆ ಎಣಿಕೆಯ ಲೆಕ್ಕವಾಗಿ ಬದಲಾಗುತ್ತದೆ.

ಎಣಿಕೆಗೆ ಸಿಗದ ಇನ್ನೊಬ್ಬನಿದ್ದಾನೆ, ಅವನು ರಸ್ತೆಯ ಮೇಲೂ ಇಲ್ಲ. ಒಂದು 60 ಕಿಲೋವ್ಯಾಟಿನ ಚಾರ್ಜರ್ ಎಂದರೆ 10 ಎಚ್.ಪಿ.ಯ ಎಂಟು ಪಂಪ್‌ಸೆಟ್ಟುಗಳ ಲೋಡು. ನಾಲ್ಕು ಚಾರ್ಜರ್ ಒಟ್ಟಿಗೆ ಓಡಿದರೆ ಮೂವತ್ತೆರಡು. ಇವನ್ನು ಈಗಾಗಲೇ ಭಾರ ಹೊತ್ತ ಹಳ್ಳಿಯ ಫೀಡರಿನ ಕೊನೆಗೆ ತಗುಲಿಸಿದರೆ ಫೀಡರಿನ ಬಾಲದಲ್ಲಿರುವ ಮನೆಗಳ ಬಲ್ಬು ಮಂಕಾಗುತ್ತದೆ, ಮೋಟಾರು ಬಿಸಿಯಾಗಿ ಸುಡುತ್ತದೆ. ನಮ್ಮದು ಮಳೆ ಕಡಿಮೆಯ ಜಿಲ್ಲೆ. ಕೊಳವೆಬಾವಿ ಆಳಕ್ಕೆ ಇಳಿದಿದೆ, ಮೋಟಾರು ಸುಟ್ಟರೆ ಅದನ್ನು ಮೇಲೆತ್ತುವುದೇ ದೊಡ್ಡ ಖರ್ಚು. ಜೋಗಿಮಟ್ಟಿಯ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ನೋಡಿ ಇಲ್ಲಿ ಕರೆಂಟಿಗೇನು ಕೊರತೆ ಎನ್ನುವವರಿದ್ದಾರೆ. ಗುಡ್ಡದ ಮೇಲೆ ಹುಟ್ಟಿದ್ದು ಗ್ರಿಡ್ಡಿಗೆ ಹೋಗುತ್ತದೆ. ಬುಡದ ಹಳ್ಳಿಯ 11 ಕೆ.ವಿ. ತಂತಿಯ ಸಾಮರ್ಥ್ಯ ಅದರಿಂದ ಹೆಚ್ಚುವುದಿಲ್ಲ. ಅದಕ್ಕಾಗಿ ಸಬ್‌ಸ್ಟೇಷನ್ನಿನಿಂದಲೇ ಬೇರೆ ಲೈನು ಎಳೆಯಿರಿ, ಖರ್ಚಾದರೂ ಆಗಲಿ ಎಂದು ಆ ಯುವಕರಿಗೆ ಹೇಳಿದೆ. ಪ್ರಯಾಣಿಕನಿಗೆ ಮಾಡುವ ಉಪಕಾರದ ಬೆಲೆಯನ್ನು ಅವನು ಎಂದೂ ನೋಡದ ರೈತ ತೆರುವಂತಾಗಬಾರದು. ಇದನ್ನು ಅವರು ಕೂಡಲೇ ಒಪ್ಪಿದರು, ನನಗೆ ಹಿಗ್ಗಾಯಿತು.

ಮೇಲೆ ಹೇಳಿದ ಸ್ತಂಭಶಾಸನದಲ್ಲಿ ಅಶೋಕ ಒಂದು ವಿಚಿತ್ರ ಮಾತನ್ನೂ ಸೇರಿಸುತ್ತಾನೆ. ಈ ಸೌಕರ್ಯಗಳೆಲ್ಲ ಸಣ್ಣವು, ಹಿಂದಿನ ದೊರೆಗಳೂ ಮಾಡಿದ್ದರು, ಜನ ಧರ್ಮದಲ್ಲಿ ನಡೆಯಲಿ ಎಂಬುದಕ್ಕೇ ತಾನು ಮಾಡಿದ್ದು ಎಂಬರ್ಥ ಅದರದು. ಚಾರ್ಜರಿನ ಮುಂದೆ ಸಾಲು ನಿಂತಿರುವುದನ್ನು ನೋಡುವಾಗ ಆ ಮಾತು ನೆನಪಾಗುತ್ತದೆ. ಬ್ಯಾಟರಿ ಶೇಕಡ 80ರವರೆಗೆ ಬಿರುಸಾಗಿ ತುಂಬುತ್ತದೆ. ಆಮೇಲೆ ಸೆಲ್ಲುಗಳ ರಕ್ಷಣೆಗಾಗಿ ಕರೆಂಟು ಇಳಿಯುತ್ತಾ ಹೋಗುತ್ತದೆ. ಅನೇಕ ಕಾರುಗಳಲ್ಲಿ ಕೊನೆಯ 20 ತುಂಬಲು ಹಿಡಿಯುವ ಹೊತ್ತು ಅದಕ್ಕೆ ಮೊದಲಿನ 60ಕ್ಕೆ ಹಿಡಿದಷ್ಟೇ. ಹುಬ್ಬಳ್ಳಿ ಮುಟ್ಟಲು 80 ಸಾಕಾದವನು ನೂರು ಆಗಲಿ ಎಂದು ಕೂತರೆ, ಹಿಂದೆ 6ಕ್ಕೆ ಇಳಿದು ಬಂದವನು ಕಾಯಬೇಕು. ಜೈನರ ಅಪರಿಗ್ರಹವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇಂದಿನ ರಸ್ತೆಗಳಲ್ಲಿ ಇನ್ನೊಂದಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಹಿಡಿದಿಟ್ಟುಕೊಂಡದ್ದು ಇನ್ನೊಬ್ಬನ ಹೊತ್ತನ್ನೇ ಕಸಿಯುತ್ತದೆ, ಅದೂ ಅವನ ಕಣ್ಣೆದುರಿಗೆ. ಸಾಲು ಇರುವಾಗ 80ಕ್ಕೆ ನಿಲ್ಲಿಸುವ ನಿಯಮವನ್ನು ಯಂತ್ರಕ್ಕೇ ಕಲಿಸಬಹುದು. ಆದರೂ ಅಲ್ಲೊಂದು ಫಲಕವಿರಲಿ, ಮನುಷ್ಯ ತಾನಾಗಿ ತಂತಿ ಕಳಚುವ ಅವಕಾಶವಿರಲಿ ಎಂದು ನನ್ನ ಆಸೆ. ತಾನಾಗಿ ಬಿಟ್ಟುಕೊಟ್ಟಾಗ ಮಾತ್ರ ಅದು ವ್ರತ.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಕಾಣದ್ದನ್ನೂ ಇದೆಯೆಂದು ಹಿಡಿಯಬಹುದಾದರೆ ಪ್ರತಿ ಹಳ್ಳಿಯ ಬಾಗಿಲಿಗೂ ಚಾರ್ಜರ್ ಹಾಕಬೇಕಾದೀತು, ಖಾಲಿ ಬಿದ್ದ ಯಂತ್ರದ ಸಾಲ ತೀರಿಸುವವರು ಯಾರು? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಉತ್ತರವಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಐದು ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಕೆರೆ ಕಟ್ಟುವವರು ನೀರು ನಿಂತಿದೆಯೇ ಎಂದು ನೋಡಲಿಲ್ಲ, ನೆಲದ ಇಳಿಜಾರು ನೋಡಿದರು. ಹಾಗೆ ಕಂಡಕಂಡಲ್ಲಿ ಕಟ್ಟಲೂ ಇಲ್ಲ. ರಸ್ತೆಗೂ ಇಳಿಜಾರಿದೆ. ಹೊಸಪೇಟೆ ಹಾದಿಯಲ್ಲಿ ಓಡುವ ಪೆಟ್ರೋಲ್, ಡೀಸೆಲ್ ಕಾರುಗಳನ್ನು ಎಣಿಸಿ. ಎರಡು ತುದಿಯ ಊರುಗಳ ನಡುವಣ ದೂರ ಅಳೆಯಿರಿ. ಬಡವನ ದುಡಿಮೆಯ ಗಾಡಿ ಒಂದು ಚಾರ್ಜಿನಲ್ಲಿ ಎಷ್ಟು ದೂರ ಓಡುತ್ತದೆ ಎಂದು ನೋಡಿ, ಕಂಪನಿಯ ಜಾಹೀರಾತಿನ ಅಂಕಿಯನ್ನು ಬಿಟ್ಟುಬಿಡಿ. ಇಷ್ಟರಿಂದ ನೀರು ಎಲ್ಲಿ ಬಂದು ಸೇರಬಹುದು ಎಂಬುದು ಕಾಣುತ್ತದೆ.

ಹಾಗೆ ನೋಡಿ ಕೂಡುರಸ್ತೆಯ ಹೊಸಪೇಟೆ ಬದಿಗೆ ಎರಡೇ ಎರಡು ಚಾರ್ಜರ್ ಹಾಕಲಿ ಎಂಬುದು ನನ್ನ ಸಲಹೆ. ಎರಡು ವರ್ಷ ತೆರೆದಿಡಲಿ. ಆಗ ಆ ರಸ್ತೆಯಲ್ಲಿ ಬೆಳಕು ಹಚ್ಚಿದಂತಾಗುತ್ತದೆ, ಬರುವವರಿದ್ದರೆ ಬರುತ್ತಾರೆ. ಅಷ್ಟಾಗಿಯೂ ಯಾರೂ ಬಾರದಿದ್ದರೆ ಕುಮಾರಿಲನೂ ಧರ್ಮಕೀರ್ತಿಯೂ ಒಪ್ಪುವ ಪ್ರಮಾಣ ಸಿಕ್ಕಿತು. ಚಾರ್ಜರೂ ಟ್ರಾನ್ಸ್‌ಫಾರ್ಮರೂ ನಟ್ಟು ಬಿಚ್ಚಿ ಬೇರೆಡೆಗೆ ಒಯ್ಯಬಹುದಾದ ವಸ್ತುಗಳು, ಒಯ್ಯಲಿ. ಆದರೆ ಆ ಎರಡು ವರ್ಷದ ಲೆಕ್ಕದ ಪುಸ್ತಕದಲ್ಲಿ ಬಂದ ಗಾಡಿಗಳ ಜೊತೆಗೆ ಇನ್ನೂ ಕೆಲವನ್ನು ಬರೆದಿಡಬೇಕು. ಯಂತ್ರ ಕೆಟ್ಟು ನಿಂತ ದಿನಗಳು, ಲೈನು ಹೋದ ಗಂಟೆಗಳು. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕಾರು ಓಡಿಸಿಕೊಂಡು ಬರುವ ಹೆಣ್ಣುಮಗಳು ಅಲ್ಲಿ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಆ ಹೊತ್ತಿಗೆ ದೀಪ ಉರಿಯುತ್ತಿತ್ತೇ, ಕಾವಲಿನವರು ಇದ್ದರೇ, ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇತ್ತೇ ಎಂಬುದನ್ನೂ ಪ್ರತಿ ರಾತ್ರಿ ಬರೆದು, ಆಮೇಲೆ ಅವಳು ಬರಲಿಲ್ಲವೆಂದು ಬರೆಯಲಿ.