ತಲೆ ಎಣಿಸಿದರೆ ನೀರಿನ ಲೆಕ್ಕ ಸಿಕ್ಕೀತೇ?

ಬೇಸಿಗೆಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಹಳ್ಳಿಗಳಿಗೆ ಟ್ಯಾಂಕರ್ ಹೊರಟಿತೆಂದರೆ, ‘ಜನ ಇಷ್ಟು ಹೆಚ್ಚಿದ ಮೇಲೆ ನೀರು ಎಲ್ಲಿಂದ ಬರಬೇಕು’ ಎಂಬ ಮಾತೂ ಹಿಂದೆಯೇ ಹೊರಡುತ್ತದೆ. 2011ರ ಜನಗಣತಿಯಂತೆ ಬೀದರ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 313 ಜನ. ರಾಜ್ಯದ ಸರಾಸರಿ 319, ಕೇರಳದ್ದು 860. ಕೇರಳದ ಮಳೆಯೇ ಬೇರೆ ಎನ್ನಬಹುದು. ಹಾಗೆಂದ ಕೂಡಲೇ ತಲೆಯೆಣಿಕೆಯೊಂದರಿಂದ ಏನೂ ತಿಳಿಯದು ಎಂದು ಒಪ್ಪಿದಂತಾಯಿತು. ಹದಿನಾಲ್ಕನೆಯ ಶತಮಾನದ ಕೊನೆಗೆ ದುರ್ಗಾದೇವಿ ಬರಗಾಲ ದಖ್ಖನ್ನಿನ ಊರೂರನ್ನೇ ಬರಿದುಮಾಡಿದಾಗ ಇಲ್ಲಿದ್ದ ಜನ ಇಂದಿಗಿಂತ ಎಷ್ಟೋ ಕಡಿಮೆ.

ಇದೇ ಜಿಲ್ಲೆಯ ಭಾಲ್ಕಿ ಕಡೆಯ ಕಬ್ಬಿನ ಲೆಕ್ಕ ಹಾಕಿ ನೋಡಿ. ಕಬ್ಬಿಗೆ ಕಡಿಮೆಯೆಂದರೂ 1,500 ಮಿಲಿಮೀಟರ್ ನೀರು ಬೇಕು, ಅಂದರೆ ಎಕರೆಗೆ ಸುಮಾರು 60 ಲಕ್ಷ ಲೀಟರ್. ಅರ್ಧವನ್ನು ಮಳೆಯೇ ಕೊಟ್ಟಿತೆಂದುಕೊಂಡರೂ ಉಳಿದ 30 ಲಕ್ಷ ಬೋರಿನಿಂದಲೋ ಕಾಲುವೆಯಿಂದಲೋ ಬರಬೇಕು. ಜಲ ಜೀವನ್ ಮಿಷನ್ ಹಳ್ಳಿಗರಿಗೆ ಗೊತ್ತುಮಾಡಿದ ಪ್ರಮಾಣ ದಿನಕ್ಕೆ ತಲಾ 55 ಲೀಟರ್. ಆ ಪ್ರಕಾರ ಒಂದೇ ಎಕರೆ ಕಬ್ಬು ಎತ್ತುವ ನೀರು ಸುಮಾರು 150 ಜನರಿಗೆ ವರ್ಷವಿಡೀ ಸಾಕು. ಈ ಜಿಲ್ಲೆಯಲ್ಲಿ ಹರಿಯುವ ಮಾಂಜ್ರಾ ನದಿಯ ಮೇಲ್ಭಾಗದಲ್ಲಿರುವ ಲಾತೂರಿಗೆ 2016ರಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅದೂ ಕಬ್ಬಿನ ಸೀಮೆಯೇ. ಹಾಗೆಂದು ರೈತನನ್ನು ಕಟಕಟೆಗೆ ಎಳೆಯುವುದು ಅನ್ಯಾಯ. ಕಬ್ಬಿಗೆ ಕಾರ್ಖಾನೆಯೂ ಸರ್ಕಾರ ಗೊತ್ತುಪಡಿಸಿದ ದರವೂ ಇದೆ, ಪಂಪ್‌ಸೆಟ್‌ಗೆ ಕರೆಂಟು ಉಚಿತ. ಕಡಿಮೆ ನೀರಿನಲ್ಲಿ ಬೆಳೆಯುವ ತೊಗರಿ, ಹೆಸರು, ಉದ್ದಿನ ಧಾರಣೆಯನ್ನು ಮಾತ್ರ ಕೊಯ್ಲಿಗೆ ಮುಂಚೆ ಯಾರೂ ಖಾತರಿಯಾಗಿ ಹೇಳಲಾರರು. ಅಂಥಲ್ಲಿ ಕಬ್ಬು ಹಚ್ಚುವುದೇ ಲೆಕ್ಕ ಬಲ್ಲವನ ಕೆಲಸ.

ಜನಸಂಖ್ಯೆಗೆ ಪಾತ್ರವೇ ಇಲ್ಲವೆಂದು ವಾದಿಸಿದರೆ ಅದು ಹಟವಾದೀತು. 2001ರಿಂದ 2011ರೊಳಗೆ ಜಿಲ್ಲೆಯ ಜನ 15 ಲಕ್ಷದಿಂದ 17 ಲಕ್ಷಕ್ಕೆ ಏರಿದರು. ಮನೆ, ರಸ್ತೆ, ಚರಂಡಿಗೆ ಜಾಗ ಬೇಕೇ ಬೇಕು. ಆದರೆ ಬೀದರ್ ನಗರದಲ್ಲಿ ಆ ಜಾಗ ಎಲ್ಲಿ ಸಿಕ್ಕಿತು ಎಂಬುದನ್ನೂ ಕೇಳಬೇಕು. ಬಹಮನಿಗಳ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ ನೌಬಾದಿನ ಕರೇಜ್ ನೆಲದಡಿಯ ಸೆಲೆಯನ್ನು ಪಂಪಿಲ್ಲದೆ ಹರಿಸುತ್ತಿತ್ತು. ಅದರ ಗಾಳಿಬಾವಿಗಳ ಸುತ್ತ ಕಟ್ಟಡಗಳೆದ್ದದ್ದು ಹುಟ್ಟುವ ಮಕ್ಕಳು ಬೇರೆ ದಾರಿ ಬಿಡಲಿಲ್ಲವೆಂದಲ್ಲ, ನಿವೇಶನದ ಬೆಲೆಗೆ ಯಾರೂ ಅಡ್ಡಬರಲಿಲ್ಲವೆಂದು. ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಗಳ ಕೊಳೆನೀರಿನ ಬಗ್ಗೆ ಸುತ್ತಲಿನ ಹಳ್ಳಿಯವರು ದೂರುತ್ತ ಬಂದಿದ್ದಾರೆ. ಅದನ್ನು ಯಾವ ಜನಗಣತಿಯ ಕಲಮಿಗೆ ಸೇರಿಸುವುದು?

ಜನನ ಪ್ರಮಾಣ ಇಳಿದರೆ ಹೊರೆ ಇಳಿದೀತೆಂಬ ನಂಬಿಕೆಯನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಈಗಿನ ಯುವಜನರ ಸಂಖ್ಯೆಯಿಂದಾಗಿ ಏರಿಕೆ ಕೆಲಕಾಲ ನಡೆದೀತು, ಆಮೇಲೆ ತಾನೇ ನಿಂತೀತು. ಕಬ್ಬಿನ ಎಕರೆಗಳಿಗೆ, ಬೋರಿನ ಆಳಕ್ಕೆ ಅಂಥ ತಾನೇ ನಿಲ್ಲುವ ಗುಣವಿಲ್ಲ. ‘ಜನ ಜಾಸ್ತಿ’ ಎನ್ನುವವರ ಬೆರಳಾದರೋ ಹೊಲವಿಲ್ಲದೆ, ದುಡಿಯಲು ಹೈದರಾಬಾದಿಗೆ ಗುಳೆ ಹೋಗುವ ಔರಾದಿನ ಕುಟುಂಬದ ಕಡೆಗೇ ತಿರುಗುತ್ತದೆ. ಆ ಮನೆಗೆ ಬೋರೂ ಇಲ್ಲ, ಕಬ್ಬೂ ಇಲ್ಲ.