ಮೂರು ಕಾಲಿನ ಜಡೆ

ಜಡೆಯಲ್ಲಿ ಗಂಟಿಲ್ಲ. ತುದಿಯ ಟೇಪಿನದೊಂದನ್ನು ಬಿಟ್ಟರೆ ನೆತ್ತಿಯಿಂದ ಸೊಂಟದವರೆಗೆ ಎಲ್ಲಿ ತಡಕಿದರೂ ಗಂಟೆಂಬುದು ಕೈಗೆ ಸಿಗುವುದಿಲ್ಲ. ಅಂಟಿಲ್ಲ, ಹೊಲಿಗೆಯಿಲ್ಲ. ಆದರೂ ಬೆಳಿಗ್ಗೆ ಹಾಕಿದ ಜಡೆ ಕುಂಟೆಬಿಲ್ಲೆ, ಖೋಖೋ, ಬಸ್ಸಿನ ನೂಕುನುಗ್ಗಲು ಎಲ್ಲವನ್ನೂ ದಾಟಿ ಸಂಜೆಯವರೆಗೆ ನಿಲ್ಲುತ್ತದೆ. ಟೇಪು ಬಿಚ್ಚಿ ಬೆರಳಾಡಿಸಿದರೆ ಮರುಕ್ಷಣ ಜಡೆಯೇ ಇಲ್ಲ, ಬರಿಯ ಕೂದಲು. ಇಷ್ಟು ಗಟ್ಟಿಯಾದದ್ದು ಇಷ್ಟು ಸಲೀಸಾಗಿ ಇಲ್ಲವಾಗುವುದನ್ನು ದಿನವೂ ಕಾಣುತ್ತೇವೆ, ಬೆರಗಾಗುವುದನ್ನು ಮಾತ್ರ ಮರೆತಿದ್ದೇವೆ.

ಬೆರಗಾಗಲು ಕಾರಮಡೈ ಒಳ್ಳೆಯ ಜಾಗ. ಕೊಯಮತ್ತೂರಿನಿಂದ ಮೇಟ್ಟುಪಾಳ್ಯಕ್ಕೆ, ನೀಲಗಿರಿಯ ಬುಡದತ್ತ ಹೋಗುವ ರಸ್ತೆಯಲ್ಲಿರುವ ರಂಗನಾಥನ ಊರು ಇದು. ಈ ಸೀಮೆಯ ದೇವಾಂಗ ನೇಕಾರರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ, ಹೊಸ್ತಿಲಾಚೆಯದು ತಮಿಳು. ಅಮ್ಮನ ಕೈಲಿ ಎರಡು ಜಡೆ ಹಾಕಿಸಿಕೊಂಡ ಹುಡುಗಿ ಶಾಲೆಯ ಗೇಟಿನಲ್ಲಿ ‘ರೆಟ್ಟೈ ಜಡೈ’ಯವಳಾಗುತ್ತಾಳೆ. ತಮಿಳುನಾಡಿನ ಬಹಳಷ್ಟು ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎರಡು ಜಡೆ ಸಮವಸ್ತ್ರದ ಭಾಗವೇ ಆಗಿಬಿಟ್ಟಿದೆ. ನೀಟಾಗಿ ಬೈತಲೆ ತೆಗೆದು, ಹೆಣೆದು, ಮೇಲಕ್ಕೆ ಮಡಿಸಿ, ಟೇಪು ಕಟ್ಟಬೇಕು. ಇನ್ನು ಕರಿಬೇವಿನ ಬೆಳೆಗೆ ಹೆಸರಾದ ಊರಲ್ಲವೇ ಇದು? ಒಗ್ಗರಣೆಗೆ ಬೀಳುವ ಎಲೆಯೇ ಕೊಬ್ಬರಿ ಎಣ್ಣೆಯಲ್ಲೂ ಕಾದು ತಲೆಗೇರುತ್ತದೆ. ಅದರಿಂದ ಕೂದಲು ಎಷ್ಟು ಬೆಳೆಯುತ್ತದೋ ನಾನು ಹೇಳಲಾರೆ, ಪರಿಮಳಕ್ಕಂತೂ ಮೋಸವಿಲ್ಲ.

ಜಡೆ ಹಾಕುವ ಹೊತ್ತನ್ನು ಗಮನಿಸಿ. ಮಗು ಮುಂದೆ, ಅಮ್ಮನೋ ಅಜ್ಜಿಯೋ ಹಿಂದೆ. ಇಬ್ಬರ ಮುಖವೂ ಒಂದೇ ದಿಕ್ಕಿಗೆ. ‘ಅಲ್ಲಾಡಬೇಡ ಕಣ್ಣು’ ಎನ್ನುವ ಬಾಯಿಗೂ ಹೆಣೆಯುವ ಬೆರಳಿಗೂ ಸಂಬಂಧವೇ ಇರುವುದಿಲ್ಲ. ಬಾಯಿ ಇಡ್ಲಿ ತಿನ್ನಲು ಗದರುತ್ತದೆ, ಕಣ್ಣು ಗಡಿಯಾರದ ಮೇಲಿರುತ್ತದೆ. ನಡುವೆ ತಡೆದು, ‘ಈಗ ಎಡದ ಕಾಲು ಮೊದಲೋ ಬಲದ್ದೋ?’ ಎಂದು ಕೇಳಿದರೆ ಕೈ ನಿಂತುಹೋಗುತ್ತದೆ. ಬೆರಳಿಗೆ ಗೊತ್ತಿರುವುದು ತಲೆಗೆ ಗೊತ್ತಿಲ್ಲ. ಇನ್ನು ಕೆಲವು ವರ್ಷಗಳಲ್ಲಿ ಅದೇ ಹುಡುಗಿ ಕೈಯೆರಡನ್ನೂ ಹಿಂದಕ್ಕೆ ಹಾಕಿ, ತಾನೆಂದೂ ನೇರವಾಗಿ ಕಾಣದ ಜಾಗದಲ್ಲಿ, ಕಾಣದ ಎಳೆಗಳನ್ನು ತಪ್ಪದೆ ಹೆಣೆಯುತ್ತಾಳೆ.

ಅಮ್ಮನ ಬೆರಳಿಗೆ ಗೊತ್ತಿರುವ ಆ ಸಂಗತಿ ಯಾವುದು? ಕೂದಲು ಎಲ್ಲ ಒಂದೇ ಬಣ್ಣವಾದ್ದರಿಂದ ಅದು ಕಾಣುವುದಿಲ್ಲ. ರಂಗನಾಥನ ಮಾಸಿ ತಿಂಗಳ ತೇರಿನ ಅಂಗಡಿ ಸಾಲಿನಿಂದ ಮೂರು ಬಣ್ಣದ ಟೇಪು ತನ್ನಿ: ಕೆಂಪು, ನೀಲಿ, ಬಿಳಿ. ಮೇಲ್ತುದಿಗಳನ್ನು ಸೇರಿಸಿ ಕಿಟಕಿಯ ಸರಳಿಗೆ ಕಟ್ಟಿ. ಎಡಕ್ಕೆ ಕೆಂಪು, ನಡುವೆ ನೀಲಿ, ಬಲಕ್ಕೆ ಬಿಳಿ ಬರಲಿ. ಎಡದ್ದನ್ನು ನಡುವಿನದರ ಮೇಲೆ ದಾಟಿಸಿ, ಬಲದ್ದನ್ನು ಈಗ ನಡುವೆ ಬಂದದ್ದರ ಮೇಲೆ ದಾಟಿಸಿ, ಮತ್ತೆ ಎಡದ್ದು, ಮತ್ತೆ ಬಲದ್ದು. ಆರು ಸಲ ದಾಟಿಸಿದರೆ ಮೂರೂ ತಮ್ಮ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತವೆ. ಆಮೇಲೆ ಮತ್ತದೇ ಸುತ್ತು.

ಈಗ ಹೆಣಿಗೆಯನ್ನು ಹತ್ತಿರದಿಂದ ನೋಡಿ. ಕೆಂಪೂ ನೀಲಿಯೂ ಎದುರಾದಲ್ಲೆಲ್ಲ ಕೆಂಪೇ ಮೇಲೆ. ನೀಲಿಯೂ ಬಿಳಿಯೂ ಎದುರಾದಲ್ಲೆಲ್ಲ ನೀಲಿಯೇ ಮೇಲೆ. ಹಾಗಾದರೆ ಬಿಳಿ ಎಲ್ಲಕ್ಕಿಂತ ಕೆಳಗಿರಬೇಕಲ್ಲ? ಇಲ್ಲ, ಬಿಳಿ ಕೆಂಪಿನ ಮೇಲಿದೆ. ಮಕ್ಕಳು ಆಡುವ ಕಲ್ಲು-ಕಾಗದ-ಕತ್ತರಿಯ ಹಾಗೆ ಒಂದನ್ನೊಂದು ಗೆಲ್ಲುತ್ತ ಸುತ್ತು ಮುಗಿಯುತ್ತದೆ, ಕೊನೆಗೆ ಗೆದ್ದವರೇ ಇಲ್ಲ. ಯಾವ ಎರಡನ್ನು ತೆಗೆದುಕೊಂಡರೂ ಅವು ಒಂದಕ್ಕೊಂದು ತೊಡರಿಲ್ಲ. ಒಂದರ ಮೇಲೊಂದು ಸುಮ್ಮನೆ ಬಿದ್ದುಕೊಂಡಿವೆ, ಅಷ್ಟೇ. ನಂಬಿಕೆ ಬರದಿದ್ದರೆ ಬಿಳಿ ಟೇಪನ್ನು ಮೆಲ್ಲಗೆ ಪೂರ್ತಿ ಎಳೆದು ತೆಗೆಯಿರಿ. ಅಷ್ಟು ಬಿಗಿಯಾಗಿ ಕಂಡಿದ್ದ ಕೆಂಪು ನೀಲಿಗಳ ನಡುವೆ ಒಂದು ಸುತ್ತೂ ಉಳಿದಿರುವುದಿಲ್ಲ, ಬೇರೆಬೇರೆಯಾಗಿ ಇಳಿಬೀಳುತ್ತವೆ. ಯಾವ ಬಣ್ಣವನ್ನು ತೆಗೆದರೂ ಹೀಗೇ. ಜಡೆಯ ಹಿಡಿತ ಯಾವ ಇಬ್ಬರ ನಡುವೆಯೂ ಇಲ್ಲ, ಮೂವರೂ ಸೇರಿದಲ್ಲಿ ಮಾತ್ರ ಇದೆ. ಇದರಿಂದ ಕೂಡಿ ಬಾಳುವ ಪಾಠವೊಂದನ್ನು ಹಿಂಡಿ ತೆಗೆಯಬೇಕೆಂದು ನಾಲಿಗೆ ತುರಿಸುತ್ತದೆ. ಬೇಡ, ಜಡೆ ಪಾಠ ಹೇಳಲು ಹುಟ್ಟಿದ್ದಲ್ಲ.

ಋಗ್ವೇದದ ಹತ್ತನೆಯ ಮಂಡಲದಲ್ಲೇ ನಾಲ್ಕು ಜಡೆಯ ತರುಣಿಯೊಬ್ಬಳು ಬರುತ್ತಾಳೆ. ಅಷ್ಟು ಹಳೆಯ ಈ ಕೈಕೆಲಸಕ್ಕೆ ಗಣಿತ ಕೈಹಾಕಿದ್ದು ಮೊನ್ನೆಮೊನ್ನೆ. ಎಮಿಲ್ ಆರ್ಟಿನ್ ಎಂಬ ಗಣಿತಜ್ಞರು ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದಾಗ, 1925ರಲ್ಲಿ, ಜಡೆಗಳ ಸಿದ್ಧಾಂತವೆಂದೇ ಹೆಸರಿಟ್ಟು ಪ್ರಬಂಧ ಬರೆದರು. ದಾಟಿಸುವುದನ್ನು ಒಂದು ಲೆಕ್ಕವಾಗಿ ಬರೆಯಬಹುದು, ಆದರೆ ಎರಡು ಮೂರು ಕೂಡಿದರೂ ಮೂರು ಎರಡು ಕೂಡಿದರೂ ಐದೇ ಎನ್ನುವ ಲೆಕ್ಕ ಇದಲ್ಲ. ಇಲ್ಲಿ ಎಡ ಮೊದಲೋ ಬಲ ಮೊದಲೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಜಡೆಗಳ ಆ ಲೆಕ್ಕದ ನೆರವಿನಿಂದಲೇ ವಾನ್ ಜೋನ್ಸ್ 1984ರಲ್ಲಿ ಗಂಟುಗಳನ್ನು ಗುರುತಿಸುವ ಹೊಸ ಬಗೆಯೊಂದನ್ನು ಕಂಡುಕೊಂಡರು. 1990ರಲ್ಲಿ ಅವರಿಗೆ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂತು.

ಈ ಲೆಕ್ಕವನ್ನು ಕಾಲಿನಿಂದ ಮಾಡುವವರು ನಮ್ಮ ಜಡೆ ಕೋಲಾಟದವರು. ತಮಿಳರಿಗೆ ಅದು ಪಿನ್ನಲ್ ಕೋಲಾಟ್ಟಂ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿ ಹಿಡಿದು, ಒಬ್ಬರನ್ನೊಬ್ಬರು ದಾಟುತ್ತ ಕುಣಿದರೆ ನೆತ್ತಿಯ ಮೇಲೆ ಜಡೆ ಬೆಳೆಯುತ್ತದೆ. ಬಿಚ್ಚುವಾಗ ನೋಡಬೇಕು. ಕೂದಲ ತುದಿ ಬಿಡಿಯಾಗಿದೆ, ಬೆರಳಾಡಿಸಿದರೆ ಸಾಕು. ಹಗ್ಗದ ತುದಿ ಕುಣಿಯುವವರ ಕೈಯಲ್ಲಿದೆ, ಬಿಡುವಂತಿಲ್ಲ. ಹಾಗಾಗಿ ಇಟ್ಟ ಹೆಜ್ಜೆಯನ್ನೆಲ್ಲ ಕೊನೆಯದರಿಂದ ಮೊದಲಿನದಕ್ಕೆ ಹಿಂದುಮುಂದಾಗಿ ಇಡಬೇಕು. ಒಬ್ಬಳು ತಪ್ಪಿದರೆ ಹಗ್ಗ ಅಲ್ಲೇ ಸಿಕ್ಕಾಗಿ ನಿಲ್ಲುತ್ತದೆ.

ಮೂರು ಕಾಲಿನದೇ ಏಕೆ, ಎರಡು ಕಾಲಿನದೂ ಇದೆ. ಪುಟ್ಟ ಮಕ್ಕಳಿಗೆ ಅದಕ್ಕಿಂತ ಸುಲಭದ್ದಿಲ್ಲ. ಕೂದಲನ್ನು ಎರಡು ಪಾಲು ಮಾಡಿ, ಎರಡನ್ನೂ ಬಲಕ್ಕೆ ಹುರಿ ಮಾಡಿ, ಆಮೇಲೆ ಒಂದಕ್ಕೊಂದನ್ನು ಎಡಕ್ಕೆ ಹೊಸೆಯಬೇಕು. ಹುರಿಯೂ ಹೊಸೆತವೂ ಒಂದೇ ದಿಕ್ಕಿಗಾದರೆ ಕೈ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಎದುರು ದಿಕ್ಕಿಗಾದರೆ ಬಿಚ್ಚಬೇಕೆನ್ನುವ ಒಂದನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಹಗ್ಗ ಹೊಸೆಯುವವರ ಗುಟ್ಟೇ ಇದು. ಫ್ರೆಂಚ್ ಜಡೆ, ನಾಲ್ಕು ಕಾಲು, ಮೀನುಬಾಲ ಎಲ್ಲ ದಾಟಿಸಿ ಹೆಣೆಯುವುದರ ವಿಸ್ತಾರಗಳು: ಒಂದರಲ್ಲಿ ದಾಟಿಸುವಾಗೆಲ್ಲ ಪಕ್ಕದ ಕೂದಲನ್ನೂ ಸೇರಿಸಿಕೊಳ್ಳುತ್ತಾರೆ, ಇನ್ನೊಂದರಲ್ಲಿ ಎಳೆ ಹೆಚ್ಚು, ಮತ್ತೊಂದರಲ್ಲಿ ಸಣ್ಣ ಸಣ್ಣ ಎಳೆ.

ಎರಡೆಳೆಯ ಆ ಹುರಿ ನನ್ನನ್ನು ಇನ್ನೂ ಒಳಕ್ಕೆ ಕರೆದುಕೊಂಡು ಹೋಗುತ್ತದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಸರಪಳಿ ಸುರುಳಿ ಸುತ್ತಿಕೊಂಡಿರುತ್ತದೆ ಎಂದು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಜೊತೆಗಾರರು ತೋರಿಸಿದರು. ಅಂಥ ಸುರುಳಿಗಳು ಒಂದಕ್ಕೊಂದು ಹೊಸೆದುಕೊಂಡಿರಬೇಕು ಎಂದು ಮರುವರ್ಷ ಫ್ರಾನ್ಸಿಸ್ ಕ್ರಿಕ್ ಸೂಚಿಸಿದರು. ಹೊಸೆದುಕೊಂಡಿರುವುದು ಎಡಕ್ಕೆ! ಒಳಗಿನ ಸುತ್ತು ಬಲಕ್ಕೆ, ಹೊರಗಿನದು ಎಡಕ್ಕೆ. ಹಗ್ಗ ಹೊಸೆಯುವವನ ಗುಟ್ಟು ಅವನ ತಲೆಯ ಒಂದೊಂದು ಕೂದಲಿನೊಳಗೂ ಮೊದಲೇ ಇತ್ತು. ಅಮ್ಮ ಹೆಣೆಯಲು ಕೈಗೆತ್ತಿಕೊಳ್ಳುವುದೇ ಹೆಣೆದ ವಸ್ತುವನ್ನು.

ಇನ್ನೊಂದು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹತ್ತು ವರ್ಷದ ಹುಡುಗಿಯ ಜಡೆ ಎರಡಡಿ ಇದ್ದರೆ ಅದರ ತುದಿ ಅವಳು ಬಾಲವಾಡಿಗೆ ಹೋಗುತ್ತಿದ್ದಾಗಿನದು. ಬುಡದಲ್ಲಿ ಈ ವಾರದ ಕೂದಲು, ತುದಿಯ ಟೇಪಿನಲ್ಲಿ ಐದು ವರ್ಷದ ಹಿಂದಿನದು.

ಇಷ್ಟೆಲ್ಲ ಇರುವ ಜಡೆಯನ್ನು ಹಾಕಿಸಿಕೊಂಡವಳೇ ನೋಡಲಾರಳು. ಬೇಲೂರಿನ ದರ್ಪಣ ಸುಂದರಿಗೂ ಕೈಗನ್ನಡಿಯಲ್ಲಿ ಕಾಣುವುದು ಮುಖ. ಮೊಗ್ಗಿನ ಜಡೆಯ ಫೋಟೋ ತೆಗೆಯುವ ಸ್ಟುಡಿಯೋದವರು ಇದಕ್ಕೊಂದು ಉಪಾಯ ಹುಡುಕಿದ್ದರು. ಮಗುವಿನ ಹಿಂದೆ ದೊಡ್ಡ ಕನ್ನಡಿ ಇಟ್ಟು ಮುಖವನ್ನೂ ಜಡೆಯನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತಿದ್ದರು. ಬೇಸಿಗೆಯ ಮಲ್ಲಿಗೆ ಮೊಗ್ಗು, ನಡುವೆ ಕನಕಾಂಬರ, ತುದಿಗೆ ಕುಚ್ಚು. ಕರ್ನಾಟಕದ ಎಷ್ಟೋ ಮನೆಗಳಲ್ಲಿ, ತಮಿಳುನಾಡಿನ ಮನೆಗಳಲ್ಲೂ, ಆ ಫೋಟೋ ಗೋಡೆಯ ಮೇಲಿದೆ. ಆ ಕನ್ನಡಿಯಲ್ಲಿ ಒಂದು ತಮಾಷೆಯೂ ಇದೆ. ಬಲಕ್ಕೆ ಹೊಸೆದ ಹಗ್ಗ ಕನ್ನಡಿಯಲ್ಲಿ ಎಡಕ್ಕೆ ಹೊಸೆದಂತೆ ಕಾಣುತ್ತದೆ. ಮೂರು ಕಾಲಿನ ಜಡೆಗೆ ಆ ಭೇದವಿಲ್ಲ, ಕನ್ನಡಿಯಲ್ಲೂ ಅದು ಅದೇ ಹೆಣಿಗೆ. ಶಾಲೆಯ ಹುಡುಗಿಯ ಎಡಜಡೆ ಬಲಜಡೆಗಳು ಒಂದರಂತೊಂದು ಒಪ್ಪುವುದು ಅದಕ್ಕೇ.

ಬೆರಗಿನ ನಡುವೆ ಒಂದು ಕಿರಿಕಿರಿಯನ್ನೂ ಹೇಳಿಬಿಡುತ್ತೇನೆ. ಶಾಲೆಯ ಶಿಸ್ತಿಗೆಂದು ಕಣ್ಣು ಮೇಲೇಳುವಷ್ಟು ಬಿಗಿಯಾಗಿ ಎಳೆಯುವುದುಂಟು. ಎಳೆತ ದಿನವೂ ಒಂದೇ ಕಡೆ ಬಿದ್ದರೆ ಹಣೆಯಂಚಿನ ಕೂದಲು ಉದುರುತ್ತದೆ. ಬಿಗಿ ಜುಟ್ಟು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು ಕಂಡು 1907ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಜಡೆ ನಿಲ್ಲುವುದು ದಾಟಿಸುವ ಕ್ರಮದಿಂದ, ಎಳೆಗಳ ಉಜ್ಜಾಟದಿಂದ, ಬುಡದಲ್ಲಿ ಜಗ್ಗುವುದರಿಂದಲ್ಲ. ತಾಯಂದಿರೇ, ಹಣೆಯ ಬಳಿ ಒಂದಿಷ್ಟು ಸಡಿಲ ಬಿಡಿ. ಹೆಡ್‌ಮಾಸ್ತರರೇ, ಎರಡು ಜಡೆ ಬೇಕೆನ್ನುತ್ತೀರಾ, ಇರಲಿ. ಅದು ಎರಡು ಕಾಲಿನದೋ, ಮೂರರದೋ, ನಾಲ್ಕರದೋ ಎಂಬುದನ್ನು ಮಾತ್ರ ಹುಡುಗಿಗೇ ಬಿಟ್ಟುಬಿಡಿ.