ಕುರುಹು ಉಳಿದು ಅರಿವು ಅಳಿದರೆ?

ಸಂಗ್ರಹವೆಂಬುದು ಗುಣವೋ ದೋಷವೋ ಎಂಬ ಪ್ರಶ್ನೆ ಶರಣಧರ್ಮದ ವಿಚಾರದಲ್ಲಿ ಹೊಸದೇನಲ್ಲ. ನಾಳಿನ ಹಂಬಲದಿಂದ ಕೂಡಿಡುವವನನ್ನು ಶರಣರು ಮೆಚ್ಚಲಿಲ್ಲ. ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನು ಮನೆಯೊಳಗೆ ಬರಗೊಡದೆ, ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವು ವಾಚಕರಿಗೆ ತಿಳಿದದ್ದೇ ಆಗಿದೆ. ಆ ದಂಪತಿಗಳು ಲಿಂಗಸೂಗೂರು ಸೀಮೆಯ ಅಮರೇಶ್ವರದವರೆಂಬ ಪ್ರತೀತಿಯಿರುವುದರಿಂದ, ಈ ಭಾಗದ ಜನರಿಗೆ ಅದು ಮನೆಯ ಮಾತು. ಹಾಗಿರುವಲ್ಲಿ, ಬಳಕೆಯಿಂದ ಬಿದ್ದುಹೋದ ಗಣಕಯಂತ್ರಗಳನ್ನೂ ಅವುಗಳ ತಂತ್ರಾಂಶಗಳನ್ನೂ ಹುಡುಕಿ ತಂದು, ಊರವರೆಲ್ಲ ಕೂಡಿ ಒಂದು ಭಂಡಾರವನ್ನು ಕಟ್ಟಬೇಕೆಂಬುದು ಅದೇ ಆಸೆಯ ಹೊಸ ರೂಪವಲ್ಲವೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ನಕ್ಕು ತಳ್ಳುವಂತಿಲ್ಲ.

ಮೊದಲು, ಇಂಥ ರಕ್ಷಣೆಯ ಅಗತ್ಯವೇನೆಂಬುದನ್ನು ನೋಡಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ; ಮಸ್ಕಿಯ ಬಂಡೆಯೇ ಸಾಕ್ಷಿ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನು ಬರೆಸಿದ ಶಾಸನವು ಅಲ್ಲಿ ಎರಡು ಸಾವಿರ ವರ್ಷಗಳಿಗೂ ಮೀರಿ ಮಳೆಬಿಸಿಲುಗಳನ್ನು ಸಹಿಸಿಕೊಂಡು ನಿಂತಿತ್ತು. ಕಲ್ಲು ಕೆಡಲಿಲ್ಲ; ಕೆಟ್ಟದ್ದು ಓದು. ಬ್ರಾಹ್ಮೀ ಲಿಪಿಯನ್ನು ಬಲ್ಲವರ ಪರಂಪರೆಯೇ ನಿಂತುಹೋಯಿತು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಶಹ ತುಘಲಕನು ಅಶೋಕನ ಕಂಬಗಳನ್ನು ದಿಲ್ಲಿಗೆ ತರಿಸಿದಾಗ, ಅವುಗಳ ಮೇಲಣ ಬರಹವನ್ನು ಓದಬಲ್ಲ ಪಂಡಿತನೊಬ್ಬನೂ ದೊರೆಯಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಆ ಲಿಪಿಯ ಗುಟ್ಟನ್ನು ಬಿಡಿಸಿದನು. ಚಿನ್ನದ ನಿಕ್ಷೇಪಗಳನ್ನು ಅರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನು 1915ರಲ್ಲಿ ಮಸ್ಕಿಯ ಶಾಸನವನ್ನು ಕಂಡಾಗ ಅದನ್ನು ಓದುವವರಿದ್ದರು. ಆದುದರಿಂದಲೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಅಲ್ಲಿದ್ದ ಹೆಸರಿನಿಂದ ಸಿದ್ಧವಾಯಿತು. ಓದುವ ವಿದ್ಯೆಯಿಲ್ಲದಿದ್ದರೆ ಆ ಬಂಡೆ ಬರಿಯ ಬಂಡೆ. ಕುರುಹು ಉಳಿದರೂ ಅರಿವು ಅಳಿಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಗಣಕಯಂತ್ರದ ಬರಹಕ್ಕೂ ಇದೇ ಗತಿ; ಆದರೆ ಅಲ್ಲಿ ಸಾವಿರ ವರ್ಷ ಬೇಕಾಗುವುದಿಲ್ಲ, ಇಪ್ಪತ್ತು ವರ್ಷ ಸಾಕು. ಕಲ್ಲಿನ ಅಕ್ಷರವು ಕಣ್ಣಿಗಾದರೂ ಕಾಣುತ್ತದೆ. ಯಂತ್ರದೊಳಗಿನ ಬರಹವು ಸಂಖ್ಯೆಗಳ ಸಾಲು ಮಾತ್ರ. ಅದನ್ನು ಅಕ್ಷರವನ್ನಾಗಿ ತೋರಿಸುವುದು ತಂತ್ರಾಂಶ. ಯಂತ್ರವು ಶರೀರವಾದರೆ ತಂತ್ರಾಂಶವು ಪ್ರಾಣ. ಕನ್ನಡದ ಮಟ್ಟಿಗೆ ಈ ತೊಡಕು ಇನ್ನೂ ಬಲವಾದುದು. 1991ರಲ್ಲಿ ಪ್ರಕಟವಾದ ಯುನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ, ಅದು ಎಲ್ಲರ ಕೈಗೆಟುಕುವುದಕ್ಕೆ ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಕನ್ನಡದ ಅಕ್ಷರಗಳನ್ನು ತುಂಡುತುಂಡಾಗಿ ಒಡೆದು, ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾಗಿದ್ದ ಸ್ಥಾನಗಳಲ್ಲಿ ಕೂರಿಸುವ ಉಪಾಯವನ್ನು ಅನುಸರಿಸಲಾಯಿತು. ಒಂದೊಂದು ತಂತ್ರಾಂಶವು ಒಂದೊಂದು ಬಗೆಯಲ್ಲಿ ಕೂರಿಸಿತು. ಹಾಗೆ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ, ವಚನಕಾರರ ಅಂಕಿತವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಸಿಂಧನೂರು, ಲಿಂಗಸೂಗೂರು, ಮಸ್ಕಿಗಳಂಥ ಊರುಗಳಲ್ಲಿ ಜಾತ್ರೆಯ ಕರಪತ್ರ, ಸ್ಮರಣಸಂಚಿಕೆ, ಶಾಲೆಯ ವಾರ್ಷಿಕ ವರದಿ, ತತ್ತ್ವಪದಗಳ ಸಣ್ಣ ಹೊತ್ತಗೆ ಮೊದಲಾದವು ಡಿ.ಟಿ.ಪಿ. ಅಂಗಡಿಗಳ ಯಂತ್ರಗಳಲ್ಲಿ ಅಕ್ಷರಜೋಡಣೆಗೊಂಡವು. ಮುದ್ರಿತ ಪ್ರತಿಗಳು ಹಂಚಿಹೋದ ಮೇಲೆ ಮೂಲವು ಉಳಿಯುವುದು ಫ್ಲಾಪಿಯಲ್ಲಿ, ಇಲ್ಲವೆ ಮೂಲೆಗೆ ಬಿದ್ದ ಯಂತ್ರದ ಹಾರ್ಡ್‌ಡಿಸ್ಕಿನಲ್ಲಿ. 1.44 ಎಂ.ಬಿ.ಯ ಆ ಫ್ಲಾಪಿಗಳಿಗೆ ಧೂಳು, ತೇವ, ಬೂಷ್ಟುಗಳೆಲ್ಲ ಶತ್ರುಗಳು; ಸೋನಿ ಸಂಸ್ಥೆಯು ಅವುಗಳ ತಯಾರಿಕೆಯನ್ನು 2011ರಲ್ಲಿ ನಿಲ್ಲಿಸಿತು. ಯಂತ್ರವನ್ನು ಗುಜರಿಗೆ ಹಾಕಿದ ದಿನ ಅದರೊಂದಿಗೆ ಊರಿನ ನೆನಪೂ ಹೋಗುತ್ತದೆ.

ಸಿರಿವಂತ ರಾಷ್ಟ್ರಗಳೂ ಈ ಮರವೆಗೆ ಹೊರತಾಗಲಿಲ್ಲ. ಇಂಗ್ಲೆಂಡಿನಲ್ಲಿ 1086ರ ‘ಡೂಮ್ಸ್‌ಡೇ’ ಗ್ರಂಥದ ಒಂಬೈನೂರನೆಯ ವರ್ಷದ ನೆನಪಿಗಾಗಿ ಬಿ.ಬಿ.ಸಿ. ಸಂಸ್ಥೆಯು ನಾಡಿನ ಜನರಿಂದ ಬರಹ, ಚಿತ್ರಗಳನ್ನು ಕೂಡಿಸಿ 1986ರಲ್ಲಿ ಲೇಸರ್ ತಟ್ಟೆಗಳಲ್ಲಿ ತುಂಬಿತು. ಹದಿನೈದು ವರ್ಷಗಳೊಳಗಾಗಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ಅಪರೂಪವಾದವು. ಚರ್ಮದ ಹಾಳೆಯ ಹಳೆಯ ಗ್ರಂಥವಾದರೋ ಓದಲು ದೊರೆಯುತ್ತಲೇ ಇತ್ತು. ಕೊನೆಗೆ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು, ಹಳೆಯ ಯಂತ್ರವನ್ನು ಹೊಸ ಯಂತ್ರದೊಳಗೆ ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶವನ್ನು ರಚಿಸಿ ಅದಕ್ಕೆ ಮತ್ತೆ ಜೀವ ಬರಿಸಿದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲಕ್ಕಮ್ಮನು ಖಂಡಿಸಿದ್ದು ಅಕ್ಕಿಯನ್ನಲ್ಲ, ಆಸೆಯನ್ನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬತ್ತ ಬೆಳೆವ ಸಿಂಧನೂರಿನ ರೈತನಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲೆಯೇರಲೆಂದು ಚೀಲಗಳನ್ನು ಮುಚ್ಚಿಡುವವನೂ ಕೂಡಿಡುತ್ತಾನೆ. ಮುಂದಿನ ಬಿತ್ತನೆಗೆಂದು ಬೀಜವನ್ನು ಕಾಯುವವನೂ ಕೂಡಿಡುತ್ತಾನೆ. ಒಬ್ಬನದು ಲೋಭ, ಇನ್ನೊಬ್ಬನದು ಕಾಯಕ. ಮಣ್ಣಿಗೆ ಕೊಡುವುದಕ್ಕಾಗಿಯೇ ಇಟ್ಟ ಬೀಜವು ಸಂಗ್ರಹವಲ್ಲ, ದಾಸೋಹದ ಪೂರ್ವಸಿದ್ಧತೆ. ಹಾಗೆಯೇ, ಹಳೆಯ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರೆಯುವುದು ಒಂದು. ಅದರೊಳಗಿನದನ್ನು ಬೇಡಿದವರಿಗೆ ಓದಿಸುವುದು ಇನ್ನೊಂದು.

ವಚನಸಾಹಿತ್ಯದ ಇತಿಹಾಸವೇ ಇದಕ್ಕೆ ಪ್ರಮಾಣ. ತಾಡವೋಲೆಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳರಾಗಿದ್ದರು. ಫ. ಗು. ಹಳಕಟ್ಟಿಯವರು (1880–1964) ಅವುಗಳನ್ನು ಮನೆಮನೆಗೆ ತಿರುಗಿ ಶೋಧಿಸಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಕಟ್ಟಿಟ್ಟ ಓಲೆ ಸ್ಥಾವರ. ಕೈಯಿಂದ ಕೈಗೆ ನಡೆದ ಪ್ರತಿ ಜಂಗಮ. ಉಳಿಸಿದ್ದು ಪೂಜೆಯಲ್ಲ, ಪ್ರತಿ.

ಆದರೆ ಇಲ್ಲಿ ಇನ್ನೊಂದು ಧರ್ಮಸೂಕ್ಷ್ಮವಿದೆ. ತಂತ್ರಾಂಶವು ಒಬ್ಬರ ದುಡಿಮೆಯ ಫಲ. ಒಡೆಯನ ಅಪ್ಪಣೆಯಿಲ್ಲದೆ ಪ್ರತಿಮಾಡಿ ಹಂಚುವುದು ಪರಧನಕ್ಕೆ ಕೈಚಾಚಿದಂತಾಗದೇ? ಒಳ್ಳೆಯ ಉದ್ದೇಶವು ಎಲ್ಲ ಮಾರ್ಗವನ್ನೂ ಶುದ್ಧಗೊಳಿಸುವುದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮವು, ನ್ಯಾಯವಾಗಿ ಪ್ರತಿಯನ್ನು ಪಡೆದವನು ನಷ್ಟದ ಭಯದಿಂದ ಮೀಸಲು ಪ್ರತಿ ಮಾಡಿಕೊಳ್ಳುವುದಕ್ಕೆ ಎಡೆಗೊಡುತ್ತದೆ. ಎಲ್ಲರಿಗೂ ಹಂಚುವುದು ಬೇರೆಯ ಮಾತು. ಆದುದರಿಂದ ಕಾಯುವುದಕ್ಕೆ ತಡಮಾಡಬಾರದು; ಹಂಚುವುದಕ್ಕೆ ಮುನ್ನ ಕೇಳದಿರಬಾರದು. ಕೇಳಿದರೆ ಕೊಡುವ ಉದಾರಿಗಳಿಲ್ಲದಿಲ್ಲ. ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ‘ಸೇಡಿಯಾಪು’ ತಂತ್ರಾಂಶವನ್ನು ನಾಡಿಗೆ ಉಚಿತವಾಗಿಯೇ ಕೊಟ್ಟರು.

ಇನ್ನು ಭಂಡಾರವನ್ನು ಕಟ್ಟುವ ಕ್ರಮ. ಅದಕ್ಕೆ ಭವ್ಯವಾದ ಕಟ್ಟಡ ಬೇಡ. ಫ್ಲಾಪಿಯಲ್ಲಿರುವುದನ್ನು ಅಕ್ಷರವೂ ಬದಲಾಗದಂತೆ ಹೊಸ ಡಿಸ್ಕಿಗೆ ಇಳಿಸಬೇಕು. ಅದನ್ನು ಬರೆದ ತಂತ್ರಾಂಶ, ಫಾಂಟ್, ಬಳಕೆಯ ಕೈಪಿಡಿಗಳನ್ನು ಜೊತೆಗಿಡಬೇಕು. ಎಲ್ಲಿ, ಯಾರಿಂದ, ಯಾವಾಗ ದೊರೆಯಿತೆಂದು ಬರೆದಿಡಬೇಕು. ಬಳಿಕ ಯುನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪುವುದುಂಟಾದ್ದರಿಂದ ಮೂಲವನ್ನು ಎಂದಿಗೂ ಎಸೆಯಬಾರದು. ಸಿಂಧನೂರಿನಲ್ಲೊಂದು, ಲಿಂಗಸೂಗೂರಿನಲ್ಲೊಂದು, ಮಸ್ಕಿಯಲ್ಲೊಂದು ಪ್ರತಿಯಿದ್ದರೆ, ಒಂದೂರಿನ ಬೆಂಕಿಯೋ ನೀರೋ ಮೂರನ್ನೂ ಒಮ್ಮೆಗೇ ಕೆಡಿಸಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯದನ್ನು ಓದಬಲ್ಲ ಹಿರಿಯ ಅಕ್ಷರಜೋಡಣೆಗಾರರ ಬಳಿ ನಾಲ್ಕಾರು ಕಿರಿಯರು ಕುಳಿತು ಆ ವಿದ್ಯೆಯನ್ನು ಕಲಿಯಬೇಕು. ಬ್ರಾಹ್ಮಿಯು ಮರೆಯಾದದ್ದು ಕಲ್ಲು ಸವೆದುದರಿಂದಲ್ಲ, ಕಲಿಸುವವರೂ ಕಲಿಯುವವರೂ ಇಲ್ಲವಾದುದರಿಂದ.

ಮುಂದಿನವರಿಗೆ ನಾವು ಕೊಡಬೇಕಾದುದು ಮುಚ್ಚಿದ ಪೆಟ್ಟಿಗೆಯನ್ನಲ್ಲ, ಬೀಗದೊಂದಿಗೆ ಕೀಲಿಯನ್ನು. ಕೀಲಿಯನ್ನು ತನ್ನಲ್ಲೇ ಇಟ್ಟುಕೊಂಡವನು ಭಂಡಾರಿಯಾಗಲಾರನು. ಕೊಡುವುದಕ್ಕಾಗಿ ಕಾಯುವವನೇ ನಿಜವಾದ ಭಂಡಾರಿ.